ಹತ್ತು ಶಿಲಿಂಗಿನ ಲೆಕ್ಕ: ಎಸ್ತರ್ ಒಕ್ಲೂ ಬದುಕನ್ನು ನಾನು ಬರೆದದ್ದು

ಮಾಸಪತ್ರಿಕೆಯೊಂದರ ವಿಶೇಷ ಸಂಚಿಕೆಗೆ ಆಫ್ರಿಕದ ಒಬ್ಬ ಮಹಿಳಾ ಉದ್ಯಮಿಯ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಘಾನಾದ ಎಸ್ತರ್ ಅಫುವಾ ಒಕ್ಲೂ ಅವರ ಹೆಸರು ಹೇಳಿದೆ. ಅವರು ಹಣ್ಣು ಬೇಯಿಸಿ, ಜಾಡಿಗೆ ತುಂಬಿ, ಬೀದಿಯಲ್ಲಿ ಮಾರಿ ಮೇಲೆ ಬಂದವರು. ನನ್ನ ಅಮ್ಮ ಶಿರಸಿಯಲ್ಲಿ ಮೂವತ್ತು ವರ್ಷಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದಾರೆ. ಒಲೆ, ಜಾಡಿ, ಮುಚ್ಚಳ, ಬರಬೇಕಾದ ಬಾಕಿ ಇವುಗಳ ನಡುವೆಯೇ ಬೆಳೆದ ನನಗೆ ಈ ಬದುಕು ದೂರದ್ದೆನಿಸಲಿಲ್ಲ.

ಮೊದಲ ಕರಡು ಮೂರು ದಿನಗಳಲ್ಲಿ ಮುಗಿಯಿತು. ಚಿಕ್ಕಮ್ಮ ಕೊಟ್ಟ ಹತ್ತು ಶಿಲಿಂಗಿನಿಂದ ಶುರುವಾಗಿ ಕಾರ್ಖಾನೆ, ಪ್ರಶಸ್ತಿ, ವಿಶ್ವಮಾನ್ಯತೆಯವರೆಗೆ ಅದು ಒಂದೇ ಉಸಿರಿನಲ್ಲಿ ಏರುತ್ತಿತ್ತು. ಅದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಕಿತ್ತಳೆ, ಸಕ್ಕರೆ, ಹನ್ನೆರಡು ಜಾಡಿ ಕೊಂಡರು ಎಂಬಲ್ಲಿಗೆ ಬಂದಾಗ ಅಮ್ಮ ತಡೆದರು.

“ಕಟ್ಟಿಗೆಗೆ ಎಷ್ಟು ಕೊಟ್ಟಳಂತೆ?”

ನನ್ನ ಬಳಿ ಉತ್ತರವಿರಲಿಲ್ಲ. “ಜಾಡಿಯೊಳಗೆ ಹೋದದ್ದನ್ನೆಲ್ಲ ಬರೆದಿದ್ದೀಯ, ಒಲೆಯೊಳಗೆ ಹೋದದ್ದನ್ನು ಬರೆದಿಲ್ಲ” ಎಂದರು ಅಮ್ಮ. ಆ ಕರಡನ್ನು ಅಂದೇ ಬದಿಗಿಟ್ಟೆ. ಈ ಬದುಕನ್ನು ಏಣಿಯ ಕಥೆಯಾಗಿ ಬರೆಯದೆ ಲೆಕ್ಕದ ಪುಸ್ತಕವಾಗಿ ಬರೆಯಬೇಕು ಎಂದು ತೀರ್ಮಾನಿಸಿದೆ.

ಲೆಕ್ಕ ಶುರುವಾಗಬೇಕಾದದ್ದು ದುಡ್ಡಿನಿಂದ. 1940ರ ದಶಕದ ಆರಂಭದ ಹತ್ತು ಶಿಲಿಂಗು ಎಂದರೆ ಕನ್ನಡ ಓದುಗರ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ಅದನ್ನು ಇಂದಿನ ರೂಪಾಯಿಗೆ ಪರಿವರ್ತಿಸಿ ಬರೆಯುವ ರೂಢಿಯಿದೆ. ಅಂಥ ಅಂಕಿ ನನಗೆ ಯಾವತ್ತೂ ನಂಬಿಕೆ ಹುಟ್ಟಿಸಿಲ್ಲ. ಆದರೆ ಆ ಕಾಲದ ರೂಪಾಯಿಗೆ ಪರಿವರ್ತಿಸುವುದು ಸುಲಭ. ಆ ಶಿಲಿಂಗು ಬ್ರಿಟಿಷ್ ಪಶ್ಚಿಮ ಆಫ್ರಿಕದ ಪೌಂಡಿನ ಭಾಗ, ಆ ಪೌಂಡು ಇಂಗ್ಲೆಂಡಿನ ಪೌಂಡಿಗೆ ಸಮವಾಗಿತ್ತು; ಹನ್ನೆರಡು ಪೆನ್ಸ್ ಸೇರಿದರೆ ಒಂದು ಶಿಲಿಂಗು. ನಮ್ಮ ಒಂದು ರೂಪಾಯಿಗೆ ಒಂದು ಶಿಲಿಂಗು ಆರು ಪೆನ್ಸ್ ಎಂದು ದರ ನಿಗದಿಯಾಗಿತ್ತು. ಹಾಗಾದರೆ ಹತ್ತು ಶಿಲಿಂಗೆಂದರೆ 6 ರೂಪಾಯಿ 10 ಆಣೆ 8 ಪೈ. ಅಜ್ಜನ ಕಡತದ ಪುಟದಲ್ಲಿ ಕಾಣುವಂಥ ಮೊತ್ತ. ಇದನ್ನು ಬರೆದ ಕೂಡಲೇ ಆ ಹಣ ನನ್ನ ಅಂಗೈಗೆ ಬಂದಂತಾಯಿತು.

ಆಮೇಲೆ ಆ ಹನ್ನೆರಡು ಜಾಡಿಗೆ ಅವರು ತುಂಬಿದ ಮಾರ್ಮಲೇಡ್. ಮೊದಲು ಅದಕ್ಕೆ ‘ಕಿತ್ತಳೆ ಜಾಮ್’ ಎಂದು ಬರೆದಿದ್ದೆ. ಅದು ತಪ್ಪು. ಮಾರ್ಮಲೇಡಿನ ಜೀವವಿರುವುದು ಸಿಪ್ಪೆಯಲ್ಲಿ. ಹೇರಳೆಕಾಯಿಯ ಕಹಿಯನ್ನು ಬೆಲ್ಲದಲ್ಲಿ ಪಳಗಿಸುವ ನಮ್ಮ ಗೊಜ್ಜಿಗೆ ಅದು ಹೆಚ್ಚು ಹತ್ತಿರ. ಮಾಡದೆ ಬರೆಯಬಾರದು ಎನ್ನಿಸಿ ಹನ್ನೆರಡು ಜಾಡಿ ಮಾಡಲು ಕುಳಿತೆ. ಸುಮಾರು ಎರಡು ಕಿಲೋ ಹಣ್ಣು, ನಾಲ್ಕು ಕಿಲೋ ಸಕ್ಕರೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಬೀಜ ಮತ್ತು ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ಪಾತ್ರೆಗೆ ಹಾಕಬೇಕು. ಗಟ್ಟಿಯಾಗಿಸುವ ಪೆಕ್ಟಿನ್ ಇರುವುದು ಅಲ್ಲಿಯೇ. ಮೊದಲ ಸಲ ನಾನು ಸಕ್ಕರೆಯನ್ನು ಬೇಗ ಸುರಿದುಬಿಟ್ಟೆ. ಸಿಪ್ಪೆ ಮೆತ್ತಗಾಗುವ ಮೊದಲು ಸಕ್ಕರೆ ಬಿದ್ದರೆ ಅದು ಮತ್ತೆ ಬೇಯುವುದಿಲ್ಲ, ಚರ್ಮದಂತಾಗುತ್ತದೆ. ಅಷ್ಟೂ ಹಣ್ಣು ಹಾಳಾಯಿತು. ಎರಡನೆಯ ಸಲ ಸಿಪ್ಪೆ ಬೆರಳಿಗೆ ಹಿಸುಕುವಷ್ಟು ಬೆಂದ ಮೇಲೆ ಸಕ್ಕರೆ ಹಾಕಿ, ಉರಿ ಹೆಚ್ಚಿಸಿ, ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿದೆ. ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟಿತು. ಪಾಕ ಬಂದಿತ್ತು. ನೆನೆಸಿದ ರಾತ್ರಿಯನ್ನು ಬಿಟ್ಟು ಐದು ಗಂಟೆ ಒಲೆಯ ಮುಂದೆ ಕಳೆದಿದ್ದೆ, ಅದೂ ಗ್ಯಾಸಿನ ಒಲೆಯ ಮುಂದೆ.

ಒಂದು ಸಲದ ಹಣ್ಣು ಕೆಟ್ಟರೆ ನನಗೆ ಬೇಸರವಷ್ಟೇ. ಕೈಯಲ್ಲಿ ಹತ್ತೇ ಶಿಲಿಂಗು ಇರುವವರಿಗೆ ಎರಡನೆಯ ಸಲ ಎಂಬುದೇ ಇಲ್ಲ. ಇದು ಪುಸ್ತಕ ಓದಿ ನನಗೆ ತಿಳಿಯುತ್ತಿರಲಿಲ್ಲ. ಅಕ್ರಾದ ಅಚಿಮೋಟ ಶಾಲೆಯಲ್ಲಿ ಕಲಿತ ಪಾಕವನ್ನು ಅವರು ತಪ್ಪಿಲ್ಲದೆ ತೆಗೆದು, ಜಾಡಿಗೆ ಒಂದು ಶಿಲಿಂಗಿನಂತೆ ಮಾರಿದರು. ಕಚೇರಿಗಳಲ್ಲಿ ಕೆಲಸ ಸಿಕ್ಕಿದ್ದ ಹಳೆಯ ಸಹಪಾಠಿಗಳು ಬೀದಿಯಲ್ಲಿ ಮಾರುತ್ತಿದ್ದ ಅವರನ್ನು ಕಂಡು ಹಂಗಿಸಿದರು. ನನ್ನ ಅಮ್ಮ ಹಪ್ಪಳದ ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಾಗ ಮುಖ ತಿರುಗಿಸಿಕೊಂಡು ಹೋದವರನ್ನು ನಾನೂ ನೋಡಿದ್ದೇನೆ. ಈ ಭಾಗವನ್ನು ಬರೆಯುವಾಗ ಕೈ ನಿಧಾನವಾಯಿತು.

ಹತ್ತು ಶಿಲಿಂಗಿನ ಕಥೆ ಹೇಳುವವರೆಲ್ಲ ಇದರ ನಂತರ ನೇರವಾಗಿ ಕಾರ್ಖಾನೆಗೆ ಹಾರುತ್ತಾರೆ, ನಾನೂ ಹಾರಿದ್ದೆ. ಆದರೆ ಅವರ ವ್ಯಾಪಾರದ ನಿಜವಾದ ತಿರುವು ಎರಡನೆಯ ಹೆಜ್ಜೆಯಲ್ಲಿದೆ. ತಾವು ಓದಿದ ಶಾಲೆಗೇ ಮಾರ್ಮಲೇಡ್ ಮತ್ತು ಕಿತ್ತಳೆ ರಸ ಒದಗಿಸುವ ಗುತ್ತಿಗೆಯನ್ನು ಅವರು ಪಡೆದರು. ಆಮೇಲೆ ಸೈನ್ಯದ ಗುತ್ತಿಗೆ. ಅದು ಎರಡನೆಯ ಮಹಾಯುದ್ಧದ ಕಾಲ; ಪಶ್ಚಿಮ ಆಫ್ರಿಕದ ಸೈನಿಕರು ಭಾರತದ ಮೂಲಕ ಬರ್ಮಾದ ರಣರಂಗಕ್ಕೂ ಹೋದವರು. ಆ ಗುತ್ತಿಗೆಯ ಆಧಾರದ ಮೇಲೆ ಅವರು ಬ್ಯಾಂಕಿನಿಂದ ಸಾಲ ಎತ್ತಿದರು. ಆಸ್ತಿಯಿಲ್ಲದ ಹೆಣ್ಣುಮಗಳು, ಕೊಳ್ಳುವವರು ಇದ್ದಾರೆ ಎಂಬ ಕಾಗದವನ್ನೇ ಬಂಡವಾಳವಾಗಿ ತೋರಿಸಿದ್ದು. 1942ರಲ್ಲಿ ತವರಿನ ಹೆಸರಿನಲ್ಲಿ ಎನ್‌ಕುಲೆನು ಉದ್ಯಮ ಹುಟ್ಟಿತು. ನನ್ನ ಲೇಖನದಲ್ಲಿ ಇದಕ್ಕೆ ಒಂದಿಡೀ ಪುಟ ಕೊಟ್ಟೆ, ಪ್ರಶಸ್ತಿಗಳಿಗೆ ಎರಡು ಸಾಲು.

ಇನ್ನೊಂದು ತಿದ್ದುಪಡಿಯನ್ನೂ ಹೇಳಬೇಕು. ಮೊದಲ ಕರಡಿನಲ್ಲಿ ‘ಆಫ್ರಿಕ’ ಎಂಬ ಪದ ಹನ್ನೊಂದು ಸಲ ಬಂದಿತ್ತು. ಕನ್ನಡದಲ್ಲಿ ಆ ಖಂಡದ ಬಗ್ಗೆ ಬರೆಯುವಾಗ ಊರು ಕಳೆದುಹೋಗಿ ಖಂಡ ಮಾತ್ರ ಉಳಿಯುತ್ತದೆ. ಶಿರಸಿಯ ಹೆಂಗಸಿನ ಬಗ್ಗೆ ಬರೆಯುವಾಗ ಯಾರೂ ‘ಏಷ್ಯಾದ ಮಹಿಳೆ’ ಎನ್ನುವುದಿಲ್ಲ. ಹಾಗಾಗಿ ಊರಿನ ಹೆಸರನ್ನೇ ಬರೆದೆ: ಪೆಕಿ ಜಾಕೆ, ಇಂದಿನ ಘಾನಾದ ವೋಲ್ಟಾ ಪ್ರದೇಶದ್ದು. ತಂದೆ ಕಮ್ಮಾರ, ತಾಯಿ ಕುಂಬಾರಿಕೆ ಮತ್ತು ಬೇಸಾಯ ಮಾಡುತ್ತಿದ್ದವರು. 1957ರ ಮಾರ್ಚ್ 6ರ ಮೊದಲು ಆ ದೇಶದ ಹೆಸರು ಗೋಲ್ಡ್ ಕೋಸ್ಟ್. ಅದಕ್ಕೂ ಹಿಂದಿನ ಘಟನೆಗಳಿಗೆ ಅದೇ ಹೆಸರನ್ನು ಬಳಸಿದೆ. ಅಫುವಾ ಎಂದರೆ ಶುಕ್ರವಾರ ಹುಟ್ಟಿದವಳು. ಅವರ ಜನ್ಮದಿನ 1919ರ ಏಪ್ರಿಲ್ 18. ಹಳೆಯ ಪಂಚಾಂಗದ ಲೆಕ್ಕ ಹಾಕಿ ನೋಡಿದೆ, ಅಂದು ಶುಕ್ರವಾರವೇ. ಗುಡ್ ಫ್ರೈಡೇ ಕೂಡ. ಹೆಸರಿನೊಳಗೇ ವಾರ ಅಡಗಿದ್ದದ್ದು ಕಂಡು ಅಂದು ರಾತ್ರಿ ತುಂಬ ಸಂತೋಷಪಟ್ಟೆ.

1949ರಿಂದ 1951ರವರೆಗೆ ಇಂಗ್ಲೆಂಡಿನಲ್ಲಿದ್ದು ಅವರು ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಆಹಾರ ಸಂರಕ್ಷಣೆ ಕಲಿತರು. ಲಂಡನ್ನಿನ ಗುಡ್ ಹೌಸ್‌ಕೀಪಿಂಗ್ ಸಂಸ್ಥೆಯ ಅಡುಗೆ ಡಿಪ್ಲೊಮಾ ಪಡೆದ ಆಫ್ರಿಕ ಮೂಲದ ಮೊದಲಿಗರೂ ಅವರೇ. ಮರಳಿ ಬಂದಾಗ ಎದುರಾದದ್ದು ವಿದೇಶಿ ಡಬ್ಬಿಯ ಮೋಹ; ನಮ್ಮವರು ಮಾಡಿದ್ದು ಕೀಳು ಎಂಬ ಭಾವನೆ. ಅವರು ಉಳಿದ ತಯಾರಕರನ್ನು ಒಟ್ಟುಗೂಡಿಸಿದರು. 1958ರಲ್ಲಿ ಘಾನಾದಲ್ಲೇ ತಯಾರಾದ ವಸ್ತುಗಳ ಮೊದಲ ಪ್ರದರ್ಶನ ನಡೆಯಿತು. 1959ರಿಂದ 1961ರವರೆಗೆ ದೇಶದ ಕೈಗಾರಿಕಾ ಒಕ್ಕೂಟದ ಅಧ್ಯಕ್ಷರಾದರು.

ನಾನು ಹೆಚ್ಚು ಹೊತ್ತು ನಿಂತದ್ದು 1975ರ ಮೆಕ್ಸಿಕೊ ನಗರದಲ್ಲಿ. ವಿಶ್ವಸಂಸ್ಥೆಯ ಮೊದಲ ವಿಶ್ವ ಮಹಿಳಾ ಸಮ್ಮೇಳನಕ್ಕೆ ಒಕ್ಲೂ ಹೋಗಿದ್ದರು. ಸ್ವಂತವಾಗಿ ದುಡಿಯುವ ಬಡ ಹೆಂಗಸರ ‘ಸೇವಾ’ (SEWA) ಸಂಘಟನೆಯನ್ನು ಕಟ್ಟಿದ ಅಹಮದಾಬಾದಿನ ಇಳಾ ಭಟ್ ಕೂಡ ಬಂದಿದ್ದರು. ಅದರ ಹಿಂದಿನ ವರ್ಷವಷ್ಟೇ ಆ ಸಂಘಟನೆಯ ನಾಲ್ಕು ಸಾವಿರ ಮಹಿಳೆಯರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಕಟ್ಟಿದ್ದರು. ಇತ್ತ ಹತ್ತು ಶಿಲಿಂಗು, ಅತ್ತ ಹತ್ತು ರೂಪಾಯಿ. ಬೀದಿಯಲ್ಲಿ ಮಾರುವ ಹೆಂಗಸಿಗೆ ಬ್ಯಾಂಕುಗಳು ಸಾಲ ಏಕೆ ಕೊಡುವುದಿಲ್ಲ ಎಂಬ ಪ್ರಶ್ನೆ ಆ ಸಮ್ಮೇಳನದಲ್ಲಿ ಗಟ್ಟಿಯಾಗಿ ಎದ್ದಿತು. 1979ರಲ್ಲಿ ಬಡ ಹೆಂಗಸರಿಗೆ ಸಾಲ ಸಿಗುವಂತೆ ಮಾಡಲು ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾದಾಗ ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರು ಒಕ್ಲೂ. ಮುಂದೆ ಆ ಸ್ಥಾನಕ್ಕೆ ಇಳಾ ಭಟ್ ಕೂಡ ಬಂದರು.

ಸಾಲದ ಜೊತೆಗೆ ಲೆಕ್ಕವನ್ನೂ ಕಲಿಸಬೇಕು ಎಂದು ನಂಬಿದ್ದರಿಂದಲೇ ನನಗೆ ಅವರು ಇಷ್ಟು ಪ್ರಿಯರು. ಮಾರುವ ವಸ್ತುವಿಗೆ ತಗಲುವ ವೆಚ್ಚವೆಷ್ಟು, ಉಳಿಯುವ ಲಾಭವೆಷ್ಟು ಎಂದು ಹೆಂಗಸರೊಂದಿಗೆ ಕುಳಿತು ಅವರು ಲೆಕ್ಕ ಹಾಕಿಸಿದರು. ರಸ್ತೆ ಬದಿಯಲ್ಲಿ ಅನ್ನ ಸಾರು ಮಾರುವವಳು ಕಚೇರಿಯಲ್ಲಿ ದುಡಿಯುವ ಹೆಚ್ಚಿನ ಹೆಂಗಸರಿಗಿಂತ ಹೆಚ್ಚು ಗಳಿಸುತ್ತಾಳೆ, ಆದರೂ ಅವಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಆಗ ಅವರು ಕಂಡುಕೊಂಡ ಸತ್ಯ. ಇದನ್ನು ಓದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳು ಕಟ್ಟಿಗೆಯ ಲೆಕ್ಕ ಖಂಡಿತ ಇಟ್ಟಿರುತ್ತಾಳೆ” ಎಂದರು.

1990ರಲ್ಲಿ ಹಸಿವಿನ ನಿವಾರಣೆಗಾಗಿ ಕೊಡುತ್ತಿದ್ದ ಆಫ್ರಿಕ ನಾಯಕತ್ವ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆ. 2002ರ ಫೆಬ್ರುವರಿ 8ರಂದು ಅಕ್ರಾದಲ್ಲಿ ತೀರಿಕೊಂಡರು.

ಕೊನೆಯವರೆಗೂ ನನ್ನನ್ನು ಕಾಡಿದ್ದು ಒಂದು ಸರ್ವನಾಮ. ಕನ್ನಡದಲ್ಲಿ ಜೀವನಚಿತ್ರ ಬರೆಯುವವರಿಗೆ ಇದು ಗೊತ್ತು: ಮಗುವನ್ನು ‘ಅವಳು’ ಎನ್ನುತ್ತೇವೆ, ದೊಡ್ಡವರಾದ ಮೇಲೆ ‘ಅವರು’ ಎನ್ನುತ್ತೇವೆ, ಆದರೆ ಎಲ್ಲಿ ಬದಲಿಸಬೇಕು? ಕಾರ್ಖಾನೆ ಕಟ್ಟಿದ ಮೇಲೆ ಬದಲಿಸಿದರೆ ಹಣಕ್ಕೆ ಗೌರವ ಕೊಟ್ಟಂತೆ. ಹನ್ನೆರಡು ಜಾಡಿ ಹಿಡಿದು ಬೀದಿಗಿಳಿದ ದಿನದಿಂದ ‘ಅವರು’ ಎಂದು ಬರೆದೆ. ಇದು ಸರಿಯೆಂದು ನನಗೆ ದೃಢವಾಗಿ ಅನ್ನಿಸಿತ್ತು.

ಸಂಚಿಕೆ ಬಂದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ವಸತಿ ಶಾಲೆಯಲ್ಲಿ ಊಟಕ್ಕೆ ದುಡ್ಡು ಕಟ್ಟಲಾಗದೆ, ಪ್ರತಿ ವಾರ ಮನೆಯಿಂದ ದಿನಸಿ ಒಯ್ದು ತಾನೇ ಬೇಯಿಸಿಕೊಂಡು ಓದಿದ ಹುಡುಗಿಯ ಪ್ಯಾರಾದ ಮೇಲೆ ಬೆರಳಿಟ್ಟು ಕೇಳಿದರು: “ಇಲ್ಲಿ ಯಾಕೆ ‘ಅವಳು’ ಅಂತ ಬರೆದೆ?”

ಲೇಖನ ಪುಸ್ತಕಕ್ಕೆ ಸೇರುವಾಗ ಆ ಪ್ಯಾರಾವನ್ನು ತಿದ್ದುತ್ತೇನೆ.