ಹಂದಿಕೊಬ್ಬಿಲ್ಲದೆ ಸಿಚುವಾನ್ ಹಳ್ಳಿಯೂಟ: ನನ್ನ ಅನುಭವ

ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ಸುತ್ತಮುತ್ತ ಇರುವ ನಮ್ಮವರಿಗೆ ನೋಂಗ್‌ಜಿಯಾಲೆ, ಅಂದರೆ ರೈತರ ಮನೆಯಂಗಳದ ಹೋಟೆಲು, ಹೊಸದೇನಲ್ಲ. ಪಿದು ಕಡೆಯ ನೋಂಗ್‌ಕೆ ಹಳ್ಳಿಯಲ್ಲಿ 1980ರ ದಶಕದ ಕೊನೆಗೆ ಸಸಿ ಮಾರುವ ರೈತರು ಮನೆಯಂಗಳದಲ್ಲೇ ಊಟ ಹಾಕತೊಡಗಿದರು. ಈಗ ಲೊಂಗ್‌ಚ್ವಾನ್ ಪೀಚ್ ತೋಟಗಳಿಂದ ಚಿಂಗ್‌ಚೆಂಗ್ ಬೆಟ್ಟದ ಬುಡದವರೆಗೂ ಇಂಥ ತೋಟದಮನೆ ಹೋಟೆಲುಗಳೇ. ಅಲ್ಲಿಗೆ ಹೋದ ನಮ್ಮ ಸಸ್ಯಾಹಾರಿಗಳು ಮಾತ್ರ ಜಜ್ಜಿದ ಸೌತೆಕಾಯಿ, ಹುರಿದ ಶೇಂಗಾ, ಬಿಳಿ ಅನ್ನ ತಿಂದು ಎದ್ದು ಬರುತ್ತಾರೆ. ‘ಹಂದಿಕೊಬ್ಬು ತೆಗೆದರೆ ಅಲ್ಲಿ ಅಡುಗೆಯೇ ಉಳಿಯೋದಿಲ್ಲ, ಸುಮ್ಮನೆ ವೆನ್‌ಶು ಬೌದ್ಧ ಮಠದ ಹೋಟೆಲಿಗೆ ಹೋಗಿ’ ಎಂದವರು ಬಹಳ ಮಂದಿ. ಮಠದ ಊಟಕ್ಕೆ ಹೆಸರಿಡುವಂತಿಲ್ಲ. ಆದರೆ ಅಲ್ಲಿ ಸೋಯಾಕ್ಕೆ ಮಾಂಸದ ವೇಷ ಹಾಕಿ ಬಡಿಸುತ್ತಾರೆ. ನನಗೆ ಬೇಕಿದ್ದದ್ದು ಹಳ್ಳಿಯವರು ತಮಗೆಂದು ಬೇಯಿಸಿಕೊಳ್ಳುವ ಸೊಪ್ಪು, ತರಕಾರಿ, ದೋಹ್ವಾ (ಸೋಯಾ ಹಾಲು ಒಡೆಸಿ ಮಾಡುವ ಮೆತ್ತನೆ ತೋಫು). ಈಗ ಹತ್ತು ಜನರ ಮೇಜು ತುಂಬುವಷ್ಟು ಬರುತ್ತದೆ, ಗೇಲಿ ಮಾಡಿದವರೇ ನಾನು ಹೋಗುವ ತೋಟದಮನೆಯ ನಂಬರ್ ಕೇಳುತ್ತಿದ್ದಾರೆ. ನಂಬರ್ ಕೊಡುವುದಿಲ್ಲ, ಕ್ರಮ ಹೇಳುತ್ತೇನೆ.

ಮೊದಲು ಎಲ್ಲಿ ಕೆಡುತ್ತದೆ ನೋಡಿ. ಮೆನು ತೆರೆದು ‘ಇದರಲ್ಲಿ ಮಾಂಸ ಬೇಡ, ಅದರಲ್ಲಿ ಮಾಂಸ ಬೇಡ’ ಎಂದು ಕಳೆಯುತ್ತ ಹೋಗುವುದೇ ಕೆಲಸ ಕೆಡಿಸುವ ದಾರಿ. ಮಾಂಸ ಬೇಡ ಎಂದರೆ ಅಡುಗೆಮನೆಗೆ ಕೇಳಿಸುವುದು ‘ತುಂಡು ಹಾಕಬೇಡ’ ಎಂದಷ್ಟೇ. ಸೊಪ್ಪಿನ ಒಗ್ಗರಣೆಗೆ ರೇಪ್‌ಸೀಡ್ ಎಣ್ಣೆಯ ಜೊತೆ ಅರ್ಧಕ್ಕರ್ಧ ಹಂದಿಕೊಬ್ಬು ಬಿದ್ದೇ ಬೀಳುತ್ತದೆ, ಸೊಪ್ಪಿಗೆ ಹೊಳಪು ಬರುವುದೇ ಅದರಿಂದ ಅನ್ನುವುದು ಅವರ ಲೆಕ್ಕ. ‘ಮೀನಿನ ಘಮ’ದ ಬದನೆಕಾಯಿಯಲ್ಲಿ ಮೀನಿರುವುದಿಲ್ಲ, ಕೊಚ್ಚಿದ ಹಂದಿಮಾಂಸ ಇರುತ್ತದೆ. ಅದೂ ಬೇಡವೆಂದರೆ, ಕೆಲವು ಮನೆಗಳಲ್ಲಿ ಅದಕ್ಕೆ ಹಾಕುವ ಉಪ್ಪುಮೆಣಸಿನಕಾಯಿಯ ಜಾಡಿಯಲ್ಲೇ ಸಣ್ಣ ಮೀನು ಮುಳುಗಿಸಿಟ್ಟಿರುತ್ತಾರೆ. ಇದನ್ನು ಕೇಳದೆ ಯಾರೂ ಹೇಳುವುದಿಲ್ಲ. ಒಣಹುರಿದ ಹುರಳಿಕಾಯಿ (ನಮ್ಮ ಬೀನ್ಸ್) ಮಧ್ಯಾಹ್ನದ ಗಡಿಬಿಡಿಯಲ್ಲಿ ಒಣಹುರಿದದ್ದಲ್ಲ, ಕರಿದದ್ದು. ಕರಿದ ಎಣ್ಣೆ ಬೆಳಿಗ್ಗೆ ಹಂದಿಮಾಂಸದ ಬಜ್ಜಿ ಬೇಯಿಸಿದ್ದೇ. ಮಾಪೊ ತೋಫುವಿನಲ್ಲಿ ಗೋಮಾಂಸದ ಪುಡಿ. ಚಿಕನ್ ಪುಡಿ ಉಪ್ಪಿನಷ್ಟೇ ಸಲೀಸಾಗಿ ಎಲ್ಲದಕ್ಕೂ ಬೀಳುತ್ತದೆ. ಅಜಿನೊಮೊಟೊ ಮಾತ್ರ ಹಾಕಿ ಎಂದರೆ ಬೇಸರವಿಲ್ಲದೆ ಒಪ್ಪುತ್ತಾರೆ.

ಎಲ್ಲಕ್ಕಿಂತ ಕಾಣದ ಗುಂಡಿ ಅನ್ನದ್ದು. ಮರದ ಹಬೆಪಾತ್ರೆಯಲ್ಲಿ ಬೇಯುವ ಅನ್ನದ ಮೇಲೆಯೇ ಚಳಿಗಾಲದಲ್ಲಿ ಹೊಗೆಗಟ್ಟಿಸಿದ ಮಾಂಸವನ್ನೂ ಸಾಸೇಜನ್ನೂ ಇಟ್ಟು ಹಬೆಗೆ ಬೇಯಿಸುತ್ತಾರೆ. ಅದರ ಕೊಬ್ಬು ಕರಗಿ ಕೆಳಗಿನ ಅಕ್ಕಿಗೆ ಇಳಿದಿರುತ್ತದೆ.

ಆದ್ದರಿಂದ ಕಳೆಯಬೇಡಿ, ಮೊದಲೇ ಹೇಳಿ ಮಾಡಿಸಿ. ಹಿಂದಿನ ದಿನ ಸಂಜೆ ನಾಲ್ಕರೊಳಗೆ ಫೋನ್ ಮಾಡಬೇಕು, ಶನಿವಾರ-ಭಾನುವಾರ ಬಿಟ್ಟು. ಲಾವ್‌ಬಾನ್ (ಮಾಲೀಕ) ಜೊತೆ ದರ ಮಾತಾಡಿ, ಅಡುಗೆಯನ್ನು ಮಾತ್ರ ನೇರ ನ್ಯಾಂಗ್‌ನ್ಯಾಂಗ್ ಜೊತೆ ಮಾತಾಡಿ. ಒಲೆಯ ಮುಂದೆ ನಿಲ್ಲುವ ಹೆಂಗಸರನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆ, ನಾವು ಚಿಕ್ಕಮ್ಮ ಅನ್ನುವಂತೆ. ‘ಚಿಸು’ ಅನ್ನಬೇಡಿ, ‘ಚಿಜಾಯ್’ ಅನ್ನಿ. ಮೊದಲನೆಯದು ತರಕಾರಿ ತಿನ್ನುವುದು ಅಷ್ಟೇ, ಎರಡನೆಯದು ವ್ರತದವರ ಊಟ. ವ್ರತ ಎಂದೊಡನೆ ಕೊಬ್ಬು, ಮೊಟ್ಟೆ, ಚಿಕನ್ ಪುಡಿ ತಾವಾಗಿ ನಿಲ್ಲುತ್ತವೆ. ಬಾಣಲೆಯನ್ನೂ ಬಿಸಿನೀರಲ್ಲಿ ಬಿದಿರಿನ ಕುಂಚ ಹಾಕಿ ಎರಡು ಸಲ ಉಜ್ಜುತ್ತಾರೆ. ಜೊತೆಗೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪೂ ನಿಲ್ಲುತ್ತದೆ. ಜೈನರಿದ್ದರೆ ಅನುಕೂಲ, ಇಲ್ಲದಿದ್ದರೆ ‘ಬೆಳ್ಳುಳ್ಳಿ ಆಗುತ್ತೆ’ ಎಂದು ಬಿಡಿಸಿ ಹೇಳಬೇಕು. ಇಲ್ಲವಾದರೆ ಊಟ ಸಪ್ಪೆ.

ಎರಡನೆಯ ಮಾತು ಸಮಯದ್ದು. ನಮ್ಮ ಮೇಜಿನ ಬಾಣಲೆ ಕೆಲಸ ಹನ್ನೊಂದಕ್ಕೆ, ಮಾಂಸದ ಮೊದಲ ಆರ್ಡರ್‌ಗೂ ಮುಂಚೆ ಮುಗಿಯಬೇಕು. ಹನ್ನೆರಡರ ಮೇಲೆ ಯಾರು ಎಷ್ಟು ಒಳ್ಳೆಯವರಾದರೂ ಬಾಣಲೆ ತೊಳೆಯಲು ಪುರುಸೊತ್ತಿರುವುದಿಲ್ಲ.

ಇನ್ನು ಮೇಜಿನ ಕೇಂದ್ರ ದೋಹ್ವಾ. ಹಿಂದಿನ ದಿನವೇ ಹೇಳಬೇಕಾದ್ದೂ ಇದರ ಸಲುವಾಗಿ, ಸೋಯಾ ರಾತ್ರಿ ನೆನೆಯಬೇಕು. ಹತ್ತು ಜನಕ್ಕೆ ಎರಡು ಜಿನ್, ಅಂದರೆ ಒಂದು ಕಿಲೋ ಒಣ ಕಾಳು ಸಾಕು. ಬೀಸುಕಲ್ಲಲ್ಲಿ ರುಬ್ಬಿ, ಸೋಸಿ, ಹಾಲನ್ನು ಚೆನ್ನಾಗಿ ಕುದಿಸಬೇಕು. ನೊರೆ ಉಕ್ಕಿದ್ದನ್ನೇ ಕುದಿ ಎಂದುಕೊಂಡು ಇಳಿಸಿದರೆ ಹಸಿವಾಸನೆ ಉಳಿಯುತ್ತದೆ, ಹೊಟ್ಟೆಯೂ ಕೆಡುತ್ತದೆ. ಒಡೆಸುವುದು ಜಿಪ್ಸಮ್‌ನಿಂದಲ್ಲ, ಉಪ್ಪು ಕಾಯಿಸಿ ತೆಗೆದ ಮೇಲೆ ಉಳಿಯುವ ಕಹಿನೀರಿನಿಂದ. ಉಪ್ಪಿನ ಬಾವಿಗಳಿಗೆ ಹೆಸರಾದ ಜಿಗೋಂಗ್ ಪಕ್ಕದ ಫುಶುನ್ ದೋಹ್ವಾಕ್ಕೆ ಪ್ರಸಿದ್ಧವಾದದ್ದು ಸುಮ್ಮನೆ ಅಲ್ಲ. ಕಹಿನೀರನ್ನು ನೀರಿಗೆ ಬೆರೆಸಿ, ಸೌಟಿನ ತುದಿಯಿಂದ ಸುತ್ತ ತಿರುಗಿಸುತ್ತ ಸ್ವಲ್ಪಸ್ವಲ್ಪ ಬಿಡಬೇಕು. ಮೋಡದಂತೆ ಹೆಪ್ಪು ಬಿಡಿಸಿಕೊಂಡು, ನಡುವಿನ ನೀರು ತಿಳಿ ಹಳದಿಗೆ ತಿರುಗಿದಾಗ ನಿಲ್ಲಿಸಬೇಕು. ನೀರು ಇನ್ನೂ ಹಾಲುಹಾಲಾಗಿದ್ದರೆ ಕಡಿಮೆಯಾಗಿದೆ, ನಾಲಿಗೆಗೆ ಕಹಿ ತಗುಲಿ ಹೆಪ್ಪು ಹರಳುಹರಳಾದರೆ ಹೆಚ್ಚಾಗಿದೆ. ಆಮೇಲೆ ಬಿದಿರಿನ ಜರಡಿಯಿಂದ ಮೆಲ್ಲಗೆ ಒತ್ತಿ, ಬಾಣಲೆಯಲ್ಲೇ ಚಾಕುವಿನಿಂದ ಗೆರೆ ಹಾಕುತ್ತಾರೆ. ಆ ನೀರಿನ ಸಮೇತ ಬಿಸಿಯಾಗಿ ಮೇಜಿಗೆ ಬರಬೇಕು, ನೀರು ಬಸಿದು ತಂದರೆ ಐದು ನಿಮಿಷಕ್ಕೆ ಗಟ್ಟಿ.

ದೋಹ್ವಾಕ್ಕೆ ಸ್ವಂತ ರುಚಿ ಕಡಿಮೆ, ಜೀವವೆಲ್ಲ ಅದ್ದಿಕೊಳ್ಳುವ ಖಾರದಲ್ಲಿ. ಒಣಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಶುಂಠಿ ಸೇರಿಸಿ ಒರಳಲ್ಲಿ ಕುಟ್ಟಿ, ಕಾಯಿಸಿದ ರೇಪ್‌ಸೀಡ್ ಎಣ್ಣೆಯಲ್ಲಿ ಬಾಡಿಸಬೇಕು. ಮೇಲೆ ಸೋಯಾ ಸಾಸ್, ಹುರಿದ ಹ್ವಾಜಿಯಾವ್ ಪುಡಿ, ಈರುಳ್ಳಿ ಸೊಪ್ಪು. (ಹ್ವಾಜಿಯಾವ್ ನಮ್ಮ ಕರಾವಳಿಯ ಜುಮ್ಮನಕಾಯಿಯ ದಾಯಾದಿಯೇ, ನಾಲಿಗೆ ಜುಮ್ಮೆನ್ನಿಸುವುದರಲ್ಲಿ ಇವನೇ ಜೋರು.) ಎಣ್ಣೆಯನ್ನು ಹೊಗೆ ಬಂದು ಬಣ್ಣ ತಿಳಿಯಾಗುವವರೆಗೆ ಕಾಯಿಸಿ ಆರಿಸದಿದ್ದರೆ ಇಡೀ ಖಾರ ಹಸಿ ಎಣ್ಣೆ ನಾರುತ್ತದೆ. ಈ ಖಾರಕ್ಕೆ ನಾನು ಇನ್ನೊಂದು ವಸ್ತು ಸೇರಿಸಿಸುತ್ತೇನೆ, ಅದೊಂದು ನನ್ನಲ್ಲೇ ಇರಲಿ.

ನನಗೆ ದೋಹ್ವಾಗಿಂತ ಇಷ್ಟವಾದದ್ದು ಗಂಜಿತಿಳಿಯ ಸೊಪ್ಪು. ಅಲ್ಲಿಯೂ ಅಕ್ಕಿಯನ್ನು ಅರೆಬೇಯಿಸಿ ಬಸಿದು, ಆಮೇಲೆ ಹಬೆಗಿಡುತ್ತಾರೆ. ಬಸಿದ ತಿಳಿಯಲ್ಲಿ ಸಾಸಿವೆ ಸೊಪ್ಪನ್ನೋ ಚಳಿಗಾಲದ ಬಟಾಣಿ ಕುಡಿಯನ್ನೋ ಒಂದೇ ಕುದಿ ಬೇಯಿಸಿ ಉಪ್ಪು ಹಾಕಿದರೆ ಮುಗಿಯಿತು. ಇಲ್ಲಿಯೂ ಕೊನೆಗೊಂದು ಚಮಚ ಕೊಬ್ಬು ಬಿಡುವ ಅಭ್ಯಾಸ ಉಂಟು, ಎಚ್ಚರ. ಉಳಿದದ್ದು ಸುಲಭ: ಎಣ್ಣೆಯಿಲ್ಲದ ಬಾಣಲೆಯಲ್ಲಿ ಒತ್ತಿ ಚರ್ಮ ಸುಟ್ಟ ಹಸಿಮೆಣಸಿನಕಾಯಿ, ಒಣಮೆಣಸು-ಹ್ವಾಜಿಯಾವ್ ಒಗ್ಗರಣೆಯ ಎಲೆಕೋಸು, ಆಲೂಗಡ್ಡೆ ಅನ್ನದ ಸೀಕು, ಬಟಾಣಿ ಹಿಟ್ಟಿನ ತಣ್ಣನೆ ಜೆಲ್ಲಿ ಲಿಯಾಂಗ್‌ಫೆನ್. ಬೀನ್ಸನ್ನು ಸ್ವಲ್ಪವೇ ಎಣ್ಣೆಯಲ್ಲಿ ಸಣ್ಣ ಉರಿಗೆ ಎಂಟು-ಹತ್ತು ನಿಮಿಷ, ಸಿಪ್ಪೆ ಪೂರ್ತಿ ಸುಕ್ಕಾಗುವವರೆಗೆ ಹುರಿಸಿ. ಹಸಿರಾಗಿ ಕರಕರ ಅನ್ನುವ ಬೀನ್ಸ್ ತಿಂದರೆ ವಾಂತಿಯಾಗಬಹುದು, ಅದು ಖಾರದ ತಪ್ಪಲ್ಲ, ಅರೆಬೆಂದ ಬೀನ್ಸಿನದು. ಝೆಅರ್‌ಗೆನ್ ಬೇರಿನ ಕೋಸಂಬರಿ ಶುದ್ಧ ಸಸ್ಯ, ಆದರೂ ಮೀನು ನಾರುತ್ತದೆ. ಹೊಸಬರ ಮುಂದೆ ಇಡಬೇಡಿ, ಅಡುಗೆಮನೆಯ ಮೇಲೆ ಅನುಮಾನ ಹುಟ್ಟುತ್ತದೆ.

ನಡುವೆ ಒಂದು ಪ್ರಯೋಗ. ಕೆಂಪೆಣ್ಣೆಗೆ (ಕುಟ್ಟಿದ ಮೆಣಸಿನಕಾಯಿಗೆ ಕಾದ ಎಣ್ಣೆ ಸುರಿದು ಮಾಡುವುದು) ಬ್ಯಾಡಗಿ. ಅಲ್ಲಿನ ಅರ್‌ಜಿಂಗ್‌ತಿಯಾವ್ ಮೆಣಸಿನಕಾಯಿ ಕೂಡ ಬಣ್ಣ-ಘಮಕ್ಕೆ, ಖಾರಕ್ಕಲ್ಲ, ಹಾಗಾಗಿ ಜಾಗ ಬದಲಿಸಬಹುದು ಅನ್ನಿಸಿತು. 60 ಗ್ರಾಂ ಬ್ಯಾಡಗಿ, 40 ಗ್ರಾಂ ಅಲ್ಲಿಯ ಖಾರದ ಮೆಣಸು, ಅರ್ಧ ಲೀಟರ್‌ಗೆ ಸ್ವಲ್ಪ ಕಡಿಮೆ ಎಣ್ಣೆ. ಎರಡನ್ನೂ ಒಟ್ಟಿಗೆ ಹುರಿದರೆ ಬ್ಯಾಡಗಿ ಮೊದಲು ಕರಟುತ್ತದೆ, ಬೇರೆಬೇರೆ ಹುರಿದು ಕುಟ್ಟಬೇಕು. ಎಣ್ಣೆ 180 ಡಿಗ್ರಿಗೆ ಮೊದಲ ಸುರಿವು ಎಂದು ಎಲ್ಲರೂ ಹೇಳುತ್ತಾರೆ, ಬ್ಯಾಡಗಿ ಇದ್ದರೆ 160 ದಾಟಿಸಬೇಡಿ. ಬಣ್ಣ ನೋಡಿ ನ್ಯಾಂಗ್‌ನ್ಯಾಂಗ್ ಮೆಣಸಿನಕಾಯಿಯ ಹೆಸರು ಕೇಳಿ ಬರೆದುಕೊಂಡಿದ್ದಾರೆ. ಘಮದಲ್ಲಿ ಮಾತ್ರ ಅವರದೇ ಮೇಲು, ಒಪ್ಪಬೇಕು.

ಪಾವ್‌ಸಾಯ್ (ಉಪ್ಪುನೀರಲ್ಲಿ ಹುಳಿಯಿಸಿದ ತರಕಾರಿ) ಜಾಡಿಯ ಹಳೆಯ ಉಪ್ಪುನೀರು ಕೇಳಿದರೆ ಕೊಡುತ್ತಾರೆ. ಬಾಟಲಿಯಲ್ಲಿ ಮುಕ್ಕಾಲು ಮಾತ್ರ ತುಂಬಿ, ಬಸ್ಸಿನಲ್ಲಿ ಗ್ಯಾಸ್ ಕಟ್ಟಿ ಉಕ್ಕುತ್ತದೆ. ಮನೆಯಲ್ಲಿ ಲೀಟರ್ ಆರಿದ ನೀರಿಗೆ 60 ಗ್ರಾಂ ಉಪ್ಪು, ಒಂದು ಸೌಟು ಆ ಹಳೆ ನೀರು, ಚಮಚ ಬೈಜಿಯು (ಚೀನೀ ಧಾನ್ಯದ ಮದ್ಯ), ಚೂರು ಕಲ್ಲುಸಕ್ಕರೆ. ಮೂಲಂಗಿ, ಕ್ಯಾರೆಟ್ ಹೋಳು ರಾತ್ರಿ ಹಾಕಿದರೆ ಮರುದಿನಕ್ಕೆ ಸಿದ್ಧ. ಗಾಳಿ ತಡೆಯಲು ಜಾಡಿಯ ಕಂಠದ ಸುತ್ತ ನಿಲ್ಲಿಸುವ ನೀರು ಒಣಗಿದರೆ ಮೇಲೆ ಬಿಳಿ ಪದರ ಕಟ್ಟುತ್ತದೆ. ಪದರ ತೆಗೆದು ಇನ್ನಷ್ಟು ಬೈಜಿಯು, ಉಪ್ಪು ಹಾಕಿ. ಎಣ್ಣೆ ಜಿಡ್ಡಿನ ಚಮಚ ಅದ್ದಿದರೆ ಮಾತ್ರ ಜಾಡಿಯ ಆಸೆ ಬಿಡಿ.

ದುಡ್ಡಿನ ಲೆಕ್ಕ. ಸಸ್ಯಾಹಾರ ಎಂದು ದರ ಇಳಿಸಲು ಹೋಗಬೇಡಿ, ಕೆಲಸ ಕೆಡುವುದು ಅಲ್ಲೇ. ಇಳಿಸಿದಿರೋ, ಮಾಲೀಕ ನಿಮ್ಮ ಮೇಜನ್ನು ಸೌತೆಕಾಯಿಯ ಮೇಜು ಎಂದು ಲೆಕ್ಕ ಹಾಕುತ್ತಾನೆ. ಮಾಂಸದ ಮೇಜಿನ ದರವನ್ನೇ ಕೊಡುತ್ತೇನೆ ಎನ್ನಿ. ಹತ್ತು ಜನಕ್ಕೆ 600 ಯುವಾನ್ ಆಸುಪಾಸು, ತಲೆಗೆ 60, ನಮ್ಮ ಲೆಕ್ಕದಲ್ಲಿ ಏಳುನೂರು ರೂಪಾಯಿ ಚಿಲ್ಲರೆ. ಚಹಾ, ಮಾಜಾಂಗ್ ಆಟದ ಮೇಜು ಇದರಲ್ಲೇ ಸೇರಿಸಿಕೊಳ್ಳಿ, ಬೇರೆ ಹಿಡಿದರೆ ಇನ್ನೊಂದು ನೂರು-ನೂರೈವತ್ತು ಯುವಾನ್. ಗುಂಪಿನಲ್ಲಿ ಕೋಳಿ ತಿನ್ನುವವರಿದ್ದರೆ ನಾಟಿಕೋಳಿ ಜಿನ್‌ಗೆ 30–40 ಯುವಾನ್, ತೂಕ ಹಾಕುವುದು ಜೀವಂತ ಕೋಳಿಗೆ ಎಂಬುದು ನೆನಪಿರಲಿ. ಕತ್ತರಿಸಿದ ಮೇಲೆ ಕಾಲುಭಾಗಕ್ಕೂ ಹೆಚ್ಚು ಹೋಗುತ್ತದೆ. ಅದನ್ನು ಹನ್ನೊಂದೂವರೆ ಮೇಲೆ, ನಮ್ಮ ಬಾಣಲೆಗಳು ಇಳಿದಾದ ಮೇಲೆಯೇ ಒಲೆಗೆ ಏರಿಸಲು ಹೇಳಿ.