ಪಿವಿಸಿ ಪೈಪಿನಲ್ಲಿ ಕಟ್ಟಿದ ಬ್ಯುರೆಸ್ಕ್: ಮುಳುಗಿಸಿ ಮತ್ತೆ ಎತ್ತಿದ ನನ್ನ ಅನುಭವ

ಪೈಪಿನ ಹಲ್ (ಹಡಗಿನ ಒಡಲು) ಭಾರ ಹೊರುವುದಿಲ್ಲ, ಒಮ್ಮೆ ಮುಳುಗಿಸಿದರೆ ಮುಗೀತು ಅಂತ ನಮ್ಮ ಮಾಡೆಲ್ ಗೆಳೆಯರಲ್ಲಿ ಮುಕ್ಕಾಲು ಜನ ಹೇಳಿದ್ದರು. ಈಗ ನನ್ನ ಬ್ಯುರೆಸ್ಕ್, ಮೊದಲ ಮಹಾಯುದ್ಧ ಕಾಲದ ಬ್ರಿಟಿಷ್ ಕಲ್ಲಿದ್ದಲು ಹಡಗೊಂದರ ಮಾಡೆಲ್, ನಮ್ಮ ತೋಟದ ಕೆರೆಯಲ್ಲಿ ಬೇಕೆಂದಾಗ ಮುಳುಗುತ್ತದೆ. ಎತ್ತಿ ಒಣಗಿಸಿದರೆ ಮತ್ತೆ ತೇಲುತ್ತದೆ. ಸೇರುವೆಗಳಲ್ಲಿ ಒಂದು ಹನಿ ಸೋರುವುದಿಲ್ಲ.

ಎಲ್ಲರೂ ಆ ಯುದ್ಧದ ಜರ್ಮನ್ ಯುದ್ಧನೌಕೆ ಎಂಡೆನ್ ಕಟ್ಟುತ್ತಾರೆ. ಅದರ ಹೊಟ್ಟೆ ತುಂಬಿಸಿದ ಕಲ್ಲಿದ್ದಲು ಹಡಗನ್ನು ಯಾರೂ ಕಟ್ಟುವುದಿಲ್ಲ, ಅದೇ ನನಗೆ ಬೇಜಾರು. 1914ರ ಸೆಪ್ಟೆಂಬರ್ 27ರಂದು ಲಕ್ಷದ್ವೀಪದ ಮಿನಿಕಾಯ್ ಕಡೆಯ ಸಮುದ್ರದಲ್ಲಿ ಎಂಡೆನ್ ಬ್ಯುರೆಸ್ಕನ್ನು ಹಿಡಿಯಿತು. ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಶೆಲ್ ಹೊಡೆದು ಆಗಿನ್ನೂ ವಾರ ಆಗಿರಲಿಲ್ಲ. ಒಳಗಿದ್ದದ್ದು ಬ್ರಿಟಿಷ್ ನೌಕಾಪಡೆಗೆಂದು ಹಾಂಗ್‌ಕಾಂಗಿಗೆ ಹೊರಟಿದ್ದ 6,600 ಟನ್ ವೇಲ್ಸ್ ಕಲ್ಲಿದ್ದಲು. ಅದಕ್ಕೆ ಮೊದಲು ಪೊಂಟೊಪೊರೊಸ್ ಎಂಬ ಗ್ರೀಕ್ ಹಡಗಿನಿಂದ ಸಿಕ್ಕಿದ್ದು ಬಂಗಾಳದ ಕಲ್ಲಿದ್ದಲು, ಅದು ವಿಪರೀತ ಹೊಗೆ. ಕದ್ದು ಓಡಾಡುವ ಯುದ್ಧನೌಕೆಗೆ ಹೊಗೆ ಅಂದರೆ ತಾನೇ ಕೂಗಿ ವಿಳಾಸ ಹೇಳಿದ ಹಾಗೆ. ವೇಲ್ಸಿನದ್ದು ಹೊಗೆ ಕಡಿಮೆ, ಹಾಗಾಗಿ ಜರ್ಮನ್ನರು ಬ್ಯುರೆಸ್ಕನ್ನು ಮುಳುಗಿಸದೆ ತಮ್ಮವರನ್ನು ಹತ್ತಿಸಿ ಜೊತೆಗೇ ಇಟ್ಟುಕೊಂಡರು.

ಅಳತೆ 1:100. ಇಲ್ಲಿ ಒಂದು ಚಂದದ ಲೆಕ್ಕ ಇದೆ. ಉದ್ದ, ಅಗಲ, ಎತ್ತರ ಮೂರೂ ನೂರರಲ್ಲೊಂದು ಆದರೆ ತೂಕ ಹತ್ತು ಲಕ್ಷದಲ್ಲೊಂದು ಆಗುತ್ತದೆ. 6,600 ಟನ್ ಅಂದರೆ ಮಾಡೆಲಿನಲ್ಲಿ ಆರು ಕಿಲೋ ಆರು ನೂರು ಗ್ರಾಂ. ಅಷ್ಟು ಹೊತ್ತೂ ಸರಿಯಾದ ಮಟ್ಟಕ್ಕೆ ತೇಲಬೇಕು ಅಂದರೆ ಬ್ಯಾಟರಿ ಸೇರಿ ಖಾಲಿ ಹಡಗು ಮೂರೂವರೆ ಕಿಲೋ ದಾಟಬಾರದು. ನಕ್ಷೆ ಆ ಕಾಲದ ಕೋಲಿಯರ್‌ಗಳ (ಕಲ್ಲಿದ್ದಲು ಹಡಗುಗಳ) ಸಾಮಾನ್ಯ ನಕ್ಷೆ, ಉದ್ದ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ.

ಮೊದಲು ಫೈಬರ್ ಗ್ಲಾಸ್ ಮಾಡಿದ್ದೆ. ಮಂಗಳೂರಿನ ಮಳೆಗಾಲದಲ್ಲಿ ರೆಸಿನ್ ಗಟ್ಟಿಯಾಗಲೇ ಇಲ್ಲ, ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಮೂರು ನಾಲ್ಕು ಸಾವಿರ ನೀರಿಗೆ. ಆಮೇಲೆ ನಾಲ್ಕು ಇಂಚಿನ ಪಿವಿಸಿ ಪೈಪ್ ತಂದೆ, ಏಳೆಂಟು ನೂರು ರೂಪಾಯಿ, ಒಂದೇ ಪೈಪಿನಲ್ಲಿ ಇಡೀ ಹಲ್ ಆಗಿ ಇನ್ನೂ ಉಳಿಯಿತು. ಉದ್ದಕ್ಕೆ ಸೀಳಿ, ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ, ಎರಡು ಪ್ಲೈವುಡ್ ನಡುವೆ ಒತ್ತಿ ತಣಿಸಿದರೆ ಹಾಳೆ ಸಿಗುತ್ತದೆ. ಹೊರಗಡೆಯೇ ಮಾಡಿ, ಕಂದು ಬಣ್ಣಕ್ಕೆ ತಿರುಗಿದರೆ ಹೊಗೆ ಗಂಟಲು ಹಿಡಿಯುತ್ತದೆ. ತೊಂದರೆ ಏನು ಅಂದರೆ ಪಿವಿಸಿ ತನ್ನ ಹಳೇ ದುಂಡನ್ನು ಮರೆಯುವುದಿಲ್ಲ. ಏಪ್ರಿಲ್ ಬಿಸಿಲಿಗೆ ಮೊದಲ ಪಟ್ಟಿಗಳೆಲ್ಲ ಸುರುಳಿ ಆದವು. ಎರಡನೇ ಸಲ ಒತ್ತಡದಲ್ಲೇ ಬಿಸಿ ಮಾಡಿ ರಾತ್ರಿ ಪೂರ್ತಿ ಹಾಗೇ ಬಿಟ್ಟೆ, ನಿಂತವು. ಸೇರುವೆಗೆ ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಸಾಕು, ಪಟ್ಟಿಗೆ ಪಟ್ಟಿ ಕರಗಿ ಒಂದೇ ಆಗುತ್ತದೆ. ಎಷ್ಟು ಸಲ ಮುಳುಗಿಸಿದರೂ ಏನೂ ಆಗದಿರುವುದು ಇದರಿಂದಲೇ.

ಕಲ್ಲಿದ್ದಲಿನದ್ದೇ ಒಂದು ಕಥೆ. ಇಸ್ತ್ರಿ ಅಂಗಡಿಯ ಇದ್ದಲು ಪುಡಿ ಮಾಡಿ ತುಂಬಿದರೆ ಹಡಗು ಕೆಳಗೆ ಹೋಯಿತು, ಇದ್ದಲು ಮೇಲೆ ತೇಲಿ ಕೆರೆ ತುಂಬಾ ಕಪ್ಪು. ಕೊನೆಗೆ ಕುಲುಮೆಯಿಂದ ನಿಜವಾದ ಕಲ್ಲಿದ್ದಲು ತಂದು ಜರಡಿ ಹಿಡಿದೆ. ಹಾಗಂತ ಪೂರ್ತಿ ತುಂಬಬಾರದು. ಎಂಡೆನ್ ಹಿಂದೂ ಮಹಾಸಾಗರದ ಡೀಗೊ ಗಾರ್ಸಿಯ ದ್ವೀಪದಲ್ಲಿ ಬ್ಯುರೆಸ್ಕಿನಿಂದ ಕಲ್ಲಿದ್ದಲು ತುಂಬಿಸಿಕೊಂಡಿತು. ಯುದ್ಧ ಶುರುವಾಗಿದೆ ಅಂತಲೇ ಅಲ್ಲಿಯ ಜನಕ್ಕೆ ಇನ್ನೂ ಗೊತ್ತಿರಲಿಲ್ಲ! ಪಿನಾಂಗ್ ದಾಳಿಗೆ ಮೊದಲು ನಿಕೋಬಾರಿನ ನಾನ್‌ಕೌರಿಯಲ್ಲಿ ಮತ್ತೆ ತುಂಬಿಸಿಕೊಂಡಿತು. ಬ್ಯುರೆಸ್ಕಿನ ಬಾಯ್ಲರಿಗೂ ಬೇಕಲ್ವಾ. ಮುಳುಗುವ ಹೊತ್ತಿಗೆ ಉಳಿದಿದ್ದೀತು ಅಂತ ನನ್ನ ಅಂದಾಜಿನಲ್ಲಿ ನಾಲ್ಕೂವರೆ ಕಿಲೋ ಹಾಕಿದೆ.

ಇನ್ನು ಮುಳುಗಿಸುವುದು. ನವೆಂಬರ್ 9ರಂದು ಕೋಕೋಸ್ ದ್ವೀಪದಲ್ಲಿ ಎಂಡೆನ್ ಬ್ಯುರೆಸ್ಕಿಗಾಗಿ ಕಾಯುತ್ತಿತ್ತು. ದೂರದಲ್ಲಿ ಹೊಗೆ ಕಂಡಾಗ ಮೊದಲು ಇದೇ ಅಂದುಕೊಂಡರು, ಬಂದದ್ದು ಆಸ್ಟ್ರೇಲಿಯಾದ ಯುದ್ಧನೌಕೆ ಸಿಡ್ನಿ. ಅದರ ಹೊಡೆತಕ್ಕೆ ಸಿಕ್ಕಿ ಎಂಡೆನ್ ದಡಕ್ಕೆ ಹತ್ತಿದ ಮೇಲೆ ಸಿಡ್ನಿ ಬ್ಯುರೆಸ್ಕನ್ನು ಅಟ್ಟಿಸಿ ಹಿಡಿಯಿತು. ಅಷ್ಟರಲ್ಲಿ ಜರ್ಮನ್ನರು ಸಮುದ್ರದ ನೀರು ಒಳಗೆ ಬಿಡುವ ತಳದ ಕಿಂಗ್‌ಸ್ಟನ್ ವಾಲ್ವುಗಳನ್ನು ತೆಗೆದು, ರಿಪೇರಿ ಆಗದ ಹಾಗೆ ಕೆಡಿಸಿಬಿಟ್ಟಿದ್ದರು. ಹಡಗಿನಲ್ಲಿದ್ದ ಜರ್ಮನ್ನರು, ಚೀನೀ ಕೆಲಸಗಾರರು, ಒಬ್ಬ ನಾರ್ವೆಯ ಅಡುಗೆಯವ, ಎಲ್ಲರನ್ನೂ ಇಳಿಸಿಕೊಂಡು ಸಿಡ್ನಿ ನಾಲ್ಕು ಶೆಲ್ ಹೊಡೆಯಿತು.

ಮಾಡೆಲಿನ ಪಕ್ಕದಲ್ಲಿ ನಾಲ್ಕು ತೂತಿಟ್ಟು ರಬ್ಬರ್ ಬಿರಡೆ ಎಳೆಯುವುದನ್ನೂ ನೋಡಿದೆ. ಮಗುಚಿಕೊಂಡು ಥಟ್ಟನೆ ಹೋಯಿತು, ನೋಡಲು ಚೆನ್ನಾಗಿರಲಿಲ್ಲ. ತೂತು ಮುಚ್ಚಿ, ತಳದಲ್ಲಿ ವಾಲ್ವ್ ಇಟ್ಟು ಸರ್ವೋದಿಂದ (ರೇಡಿಯೋದಿಂದ ತಿರುಗಿಸುವ ಪುಟ್ಟ ಮೋಟಾರ್) ತೆರೆಯುವ ಹಾಗೆ ಮಾಡಿದೆ. ಆದರೂ ಅರ್ಧ ಮುಳುಗಿ ನಿಲ್ಲುತ್ತಿತ್ತು, ಹ್ಯಾಚ್ (ಡೆಕ್ಕಿನ ಮುಚ್ಚಳ) ಕೆಳಗೆ ಗಾಳಿ ಸಿಕ್ಕಿಕೊಂಡು. ಡೆಕ್ಕಿನ ವೆಂಟಿಲೇಟರುಗಳನ್ನು ನಿಜವಾಗಿಯೂ ಟೊಳ್ಳು ಮಾಡಿದೆ, ಗಾಳಿ ಹೊರಗೆ ಹೋಗಲು ದಾರಿ ಆಯಿತು. ಈಗ ಏಳೆಂಟು ನಿಮಿಷದಲ್ಲಿ ನೆಟ್ಟಗೆ, ನಿಧಾನವಾಗಿ ಇಳಿಯುತ್ತದೆ. ಇಂಥ ಇಳಿತ ಈ ಕಡೆ ಬೇರೆ ಯಾರ ಮಾಡೆಲಿನಲ್ಲೂ ನಾನು ನೋಡಿಲ್ಲ.

ರೇಡಿಯೋ ಸೇರಿ ಒಟ್ಟು ಹನ್ನೊಂದು ಸಾವಿರದ ಹತ್ತಿರ, ಹಾಳಾದ ರೆಸಿನ್ ಬೇರೆ. ಫ್ರೇಮ್ ಕತ್ತರಿಸುವ ನಕ್ಷೆ ಕೇಳಿದವರಿಗೆ ಕಳಿಸುತ್ತೇನೆ. ವಾಲ್ವಿನ ಸೀಲ್ ಯಾವುದರದ್ದು, ತಳದಿಂದ ಎತ್ತುವುದು ಹೇಗೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.