ಕಾಲು ಉದ್ದ ಮಾಡಿಸಿಕೊಳ್ಳಬೇಕು ಅಂದುಕೊಂಡಿದ್ದೀರಾ? ಮೊದಲು ಇಷ್ಟು ನೋಡಿ

ಕಾಲು ಉದ್ದ ಮಾಡುವ ಆಪರೇಷನ್ ಬಗ್ಗೆ ಕೇಳಲು ಬರುವ ಹುಡುಗರು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: "ಎಷ್ಟು ಸೆಂಟಿಮೀಟರ್ ಸಿಗುತ್ತೆ ಮೇಡಂ?" ನಾನು ಫಿಸಿಯೋಥೆರಪಿಸ್ಟ್. ಈ ಆಪರೇಷನ್‌ನಲ್ಲಿ ಕಾಲಿನ ಮೂಳೆ ಕತ್ತರಿಸಿ, ದಿನಾ ಸ್ವಲ್ಪ ಸ್ವಲ್ಪ ಎಳೆದು ಉದ್ದ ಮಾಡುತ್ತಾರೆ. ಕತ್ತರಿಸುವುದು ಸರ್ಜನ್ ಕೆಲಸ. ಆಮೇಲೆ ತಿಂಗಳುಗಟ್ಟಲೆ ಆ ಕಾಲನ್ನು ಮಡಿಸಿ, ಚಾಚಿ, ಮತ್ತೆ ನಡೆಯುವ ಹಾಗೆ ಮಾಡುವುದು ನನ್ನ ಕೆಲಸ. ಅದಕ್ಕೇ ನನ್ನ ಲೆಕ್ಕ ಬೇರೆ. ಮೂಳೆಯನ್ನು ಸರಿಯಾದ ವೇಗದಲ್ಲಿ ಎಳೆದರೆ ಅದು ಬಹುತೇಕ ಬೆಳೆಯುತ್ತದೆ. ಸ್ನಾಯು, ನರ, ಕೀಲು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಎಷ್ಟು ಉದ್ದ ಅನ್ನುವುದನ್ನು ತೀರ್ಮಾನ ಮಾಡಬೇಕಾದ್ದು ಅವು.

ಬೇಡ ಅಂತ ಹೆದರಿಸಲು ಇದನ್ನು ಬರೆಯುತ್ತಿಲ್ಲ. ತುಂಬಾ ಕುಳ್ಳಗಿರುವ ಹುಡುಗ ದಿನಾ ಏನೇನು ಕೇಳಿಸಿಕೊಳ್ಳುತ್ತಾನೆ ಅಂತ ಅವರ ಬಾಯಿಂದಲೇ ಕೇಳಿದ್ದೇನೆ. ಎತ್ತರದಲ್ಲೇನಿದೆ ಬಿಡು ಅಂತ ಹೇಳಿ ಕಳಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಯೋಚನೆ ಮಾಡುವುದೇ ಆದರೆ ಸರಿಯಾದ ಕ್ರಮದಲ್ಲಿ ಮಾಡಿ ಅಂತಷ್ಟೇ ನನ್ನ ಆಸೆ.

ಬೆಳವಣಿಗೆ ನಿಂತಿದೆಯಾ?

ನಿಮಗೆ ಇನ್ನೂ 17, 18 ವರ್ಷವಾದರೆ ಮೂಳೆ ಡಾಕ್ಟರಿಗಿಂತ ಮುಂಚೆ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಮೀಸೆ ಗಡ್ಡ ತಡವಾಗಿ ಬಂದ ಹುಡುಗರಲ್ಲಿ ಕೆಲವರಿಗೆ ಮೂಳೆ ತುದಿಯ ಬೆಳವಣಿಗೆ ಪದರ ಇನ್ನೂ ತೆರೆದೇ ಇರುತ್ತದೆ. ಅಂಥವರು ತಾವಾಗಿಯೇ ಇನ್ನಷ್ಟು ಬೆಳೆಯಬಹುದು. ಥೈರಾಯ್ಡ್ ಕಮ್ಮಿ ಇರುವುದು, ಬೆಳವಣಿಗೆ ಹಾರ್ಮೋನ್ ಕೊರತೆ, ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ, ಇವೆಲ್ಲ ಎತ್ತರ ತಡೆಯುತ್ತವೆ. ಪದರ ತೆರೆದಿರುವಾಗ ಪತ್ತೆಯಾದರೆ ಔಷಧಿಗೆ ಅರ್ಥವಿದೆ.

ಮನೆಯಲ್ಲೇ ಒಂದು ಲೆಕ್ಕ ಹಾಕಬಹುದು. ಅಪ್ಪನ ಎತ್ತರ, ಅಮ್ಮನ ಎತ್ತರ ಎರಡನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ. ಅದಕ್ಕೆ 13 ಸೇರಿಸಿ ಎರಡರಿಂದ ಭಾಗಿಸಿ. ಮಗನ ಎತ್ತರ ಆಸುಪಾಸು ಎಲ್ಲಿ ಬರಬೇಕಿತ್ತು ಅಂತ ಒಂದು ಅಂದಾಜು ಸಿಗುತ್ತದೆ. ನಿಮ್ಮ ಎತ್ತರ ಅದಕ್ಕಿಂತ ತೀರಾ ಕೆಳಗಿದ್ದರೆ ಕಾರಣ ಹುಡುಕಿಸಲೇಬೇಕು. ಪದರ ಮುಚ್ಚಿಹೋಗಿದ್ದರೆ ಪುಡಿ, ಮಾತ್ರೆ, ಕಂಬಿಗೆ ನೇತಾಡುವುದು ಯಾವುದೂ ಮೂಳೆಯನ್ನು ಉದ್ದ ಮಾಡುವುದಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಹುಟ್ಟಿನಿಂದಲೇ ಕೈಕಾಲು ಮಾತ್ರ ಗಿಡ್ಡವಾಗಿರುವ ಅಕಾಂಡ್ರೋಪ್ಲೇಸಿಯಾದಂಥ ಸ್ಥಿತಿ ಇದ್ದರೆ ದಾರಿಯೇ ಬೇರೆ. ಅಲ್ಲಿ ಹಂತ ಹಂತವಾಗಿ ಆಪರೇಷನ್ ಮಾಡುತ್ತಾರೆ, ಬೆನ್ನುಮೂಳೆಯನ್ನೂ ನೋಡಬೇಕಾಗುತ್ತದೆ. ಈ ಬರಹದ ಅಳತೆಗಳನ್ನು ಅದಕ್ಕೆ ಹೊಂದಿಸಬೇಡಿ.

ಯಾಕೆ ಬೇಕು ಅನ್ನುವುದನ್ನು ಬರೆದಿಡಿ

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 19 ವರ್ಷದ ಹುಡುಗರ ನಡುಮಟ್ಟದ ಎತ್ತರ 176.5 ಸೆಂ.ಮೀ. ನೀವು 152 ಇದ್ದೀರಿ, 6 ಸೆಂ.ಮೀ. ಉದ್ದ ಮಾಡಿಸಿದಿರಿ ಅಂದುಕೊಳ್ಳಿ. 158 ಆಗುತ್ತೀರಿ. ಆಗಲೂ ಗುಂಪಿನಲ್ಲಿ ಕುಳ್ಳಗೇ ಕಾಣುತ್ತೀರಿ. ಇದನ್ನು ಯಾರೂ ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಒಂದು ಕಾಗದ ತೆಗೆದುಕೊಂಡು ಎತ್ತರದಿಂದಾಗಿ ನಿಮಗೆ ಏನೇನು ಸಿಗುತ್ತಿಲ್ಲ ಅಂತ ಬರೆಯಿರಿ. ಪ್ರತಿಯೊಂದರ ಮುಂದೆ, 158 ಆದರೆ ಇದು ಬದಲಾಗುತ್ತಾ ಅಂತ ಕೇಳಿಕೊಳ್ಳಿ. ಮೇಲಿನ ಕಪಾಟು ಕೈಗೆ ಸಿಗಬೇಕು, ಗಾಡಿ ಮೇಲೆ ಕೂತರೆ ಕಾಲು ನೆಲಕ್ಕೆ ತಾಗಬೇಕು, ಇಂಥದ್ದಕ್ಕೆ ಉತ್ತರ ಬೇಗ ಸಿಗುತ್ತದೆ. ಜನ ಗೌರವ ಕೊಡಬೇಕು ಅನ್ನುವುದಕ್ಕೆ ಅಷ್ಟು ಬೇಗ ಸಿಗುವುದಿಲ್ಲ. ದಿನದಲ್ಲಿ ಗಂಟೆಗಟ್ಟಲೆ ಎತ್ತರದ್ದೇ ಯೋಚನೆ, ಫೋಟೋ ಅಂದರೆ ಭಯ, ಹೊರಗೆ ಹೋಗಲು ಮನಸ್ಸಿಲ್ಲ ಅಂತಿದ್ದರೆ ಮೊದಲು ಮನೋವೈದ್ಯರನ್ನು ನೋಡಿ. ದೇಹದ ಒಂದು ಭಾಗದ ಮೇಲೆ ಮನಸ್ಸು ಹಾಗೆ ಅಂಟಿಕೊಳ್ಳುವುದು ಚಿಕಿತ್ಸೆ ಇರುವ ತೊಂದರೆ. ಅದು ಹಾಗೇ ಇದ್ದರೆ ಆಪರೇಷನ್ ಆದ ಮೇಲೂ ಸಮಾಧಾನ ಸಿಗುವುದು ಕಷ್ಟ. ಒಳ್ಳೆಯ ಸರ್ಜನ್‌ಗಳು ತಾವೇ ಅಲ್ಲಿಗೆ ಕಳಿಸುತ್ತಾರೆ. ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಅಂಥವರನ್ನು ನಂಬಬಹುದು.

ಒಳಗೆ ನಡೆಯುವುದೇನು

ಈ ವಿಧಾನವನ್ನು ಬೆಳೆಸಿದವರು ಸೈಬೀರಿಯಾದ ಕುರ್ಗಾನ್‌ನಲ್ಲಿದ್ದ ಡಾಕ್ಟರ್ ಗವ್ರೀಲ್ ಇಲಿಜಾರೋವ್. 1950ರ ದಶಕದಲ್ಲಿ, ಮುರಿದು ಕೂಡಿಕೊಳ್ಳದ ಮೂಳೆಗಳನ್ನು ಕೂಡಿಸಲು ಕಾಲಿನ ಸುತ್ತ ರಿಂಗ್‌ಗಳ ಚೌಕಟ್ಟು ಹಾಕಿದರು. ಕತ್ತರಿಸಿದ ಮೂಳೆಯನ್ನು ನಿಧಾನವಾಗಿ ದೂರ ಸರಿಸಿದರೆ ನಡುವಿನ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತದೆ ಅಂತ ತೋರಿಸಿದರು. ಇವತ್ತಿಗೂ ತತ್ವ ಅದೇ. ಮೂಳೆ ಕತ್ತರಿಸಿ ಸುಮಾರು ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ದಿನಕ್ಕೆ ಸುಮಾರು 1 ಮಿ.ಮೀ. ಎಳೆಯುತ್ತಾರೆ, ಅದೂ ಒಂದೇ ಸಲಕ್ಕಲ್ಲ. 0.25 ಮಿ.ಮೀ.ನಂತೆ ನಾಲ್ಕು ಸಲ. ಹೊರಗಿನ ಚೌಕಟ್ಟಾದರೆ ನಟ್ಟನ್ನು ನೀವೇ ಕಾಲು ಸುತ್ತು ತಿರುಗಿಸುತ್ತೀರಿ. ಬೇಗ ಎಳೆದರೆ ಮೂಳೆ ಹುಟ್ಟುವುದಿಲ್ಲ, ತೀರಾ ನಿಧಾನವಾದರೆ ಮುಂಚೆಯೇ ಕೂಡಿಕೊಂಡುಬಿಡುತ್ತದೆ.

5 ಸೆಂ.ಮೀ.ಗೆ ಎಳೆಯುವ ಕೆಲಸ ಎರಡು ತಿಂಗಳ ಹತ್ತಿರ. ಅಲ್ಲಿಗೆ ಮುಗಿಯುವುದಿಲ್ಲ. ಹೊಸ ಮೂಳೆ ಎಕ್ಸ್‌ರೇಯಲ್ಲಿ ಮೊದಲು ತೆಳು ಹೊಗೆಯ ಹಾಗೆ ಕಾಣುತ್ತದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದರೆ ಮೂಳೆಯ ನಾಲ್ಕು ಅಂಚು ಕಾಣಬೇಕು. ಅದರಲ್ಲಿ ಮೂರಾದರೂ ಗಟ್ಟಿಯಾಗಿ ಬೆಳ್ಳಗಾಗುವ ತನಕ ಸಾಮಾನ್ಯವಾಗಿ ಪೂರ್ತಿ ಭಾರ ಹಾಕಲು ಬಿಡುವುದಿಲ್ಲ. ಎಳೆಯಲು ಹಿಡಿದ ಕಾಲಕ್ಕಿಂತ ಗಟ್ಟಿಯಾಗಲು ಹಿಡಿಯುವ ಕಾಲ ಜಾಸ್ತಿ. ಓಡುವುದು, ಆಡುವುದು ಅಂದರೆ ಒಂದು ವರ್ಷ ಇಟ್ಟುಕೊಳ್ಳಿ.

ಯಾವ ಮೂಳೆ, ಎಷ್ಟು

ತೊಡೆ ಮೂಳೆಯ ಸುತ್ತ ಮಾಂಸ ಜಾಸ್ತಿ, ರಕ್ತ ಜಾಸ್ತಿ, ಬೇಗ ಕೂಡುತ್ತದೆ. ಅಲ್ಲಿ ತೊಂದರೆ ಕೊಡುವುದು ಮೊಣಕಾಲು. ತೊಡೆಯ ಹೊರಬದಿಯ ಪಟ್ಟಿ ಬಿಗಿದುಕೊಳ್ಳುತ್ತದೆ, ಮಂಡಿ ಮಡಚಲು ಬರುವುದಿಲ್ಲ. ಮಂಡಿಯ ಕೆಳಗಿನ ಮೂಳೆಗೆ ತೊಂದರೆ ಕೊಡುವುದು ಮೀನಖಂಡ. ಅದು ಹಿಮ್ಮಡಿಯನ್ನು ಮೇಲಕ್ಕೆ ಎಳೆದು ಪಾದ ಬ್ಯಾಲೆ ನೃತ್ಯದವರ ಪಾದದಂತೆ ಕೆಳಮುಖವಾಗಿ ನಿಂತುಬಿಡುತ್ತದೆ. ಇದು ಜಾಸ್ತಿ ಆಗುವುದು ನಿದ್ದೆಯಲ್ಲಿ. ಹಗಲು ಎಷ್ಟೇ ವ್ಯಾಯಾಮ ಮಾಡಿದರೂ ರಾತ್ರಿ ಪಾದವನ್ನು ಮೇಲ್ಮುಖವಾಗಿ ಹಿಡಿದಿಡುವ ಪಟ್ಟಿ ಕಟ್ಟಿಕೊಳ್ಳದಿದ್ದರೆ ಬೆಳಿಗ್ಗೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ನಾನು ನೋಡಿಕೊಂಡ ಒಬ್ಬ ಹುಡುಗ ಆ ಪಟ್ಟಿಯಿಂದ ನಿದ್ದೆ ಬರಲ್ಲ ಅಂತ ಬಿಚ್ಚಿ ಮಲಗುತ್ತಿದ್ದ. ಕೊನೆಗೆ ಹಿಮ್ಮಡಿಯ ಹಿಂದಿನ ಸ್ನಾಯುವಿನ ಹುರಿಯನ್ನು ಉದ್ದ ಮಾಡಲು ಇನ್ನೊಂದು ಆಪರೇಷನ್ ಆಯಿತು. ಅವನಿಗೆ ಪಟ್ಟಿ ಯಾಕೆ ಅಂತ ಮೊದಲೇ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಒಂದು ಸಲಕ್ಕೆ ಕೆಳಗಿನ ಮೂಳೆಯಲ್ಲಿ 5 ಸೆಂ.ಮೀ., ತೊಡೆಯಲ್ಲಿ 5ರಿಂದ 6, ಇದಕ್ಕಿಂತ ಮೇಲೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ತೊಡೆ ಮೂಳೆಯ ಒಳಗೆ ಹಾಕುವ, ತಾವೇ ಉದ್ದವಾಗುವ ರಾಡ್‌ಗಳು 8 ಸೆಂ.ಮೀ. ತನಕ ಎಳೆಯಬಲ್ಲವು. ರಾಡ್ ಎಳೆಯಬಲ್ಲದು ಅಂದಮಾತ್ರಕ್ಕೆ ಆಯಿತಾ, ನಿಮ್ಮ ಸ್ನಾಯು ಅದರ ಜೊತೆ ಬರಬೇಕಲ್ವಾ? ಕೊನೆಯ ಒಂದೆರಡು ಸೆಂಟಿಮೀಟರ್‌ನಲ್ಲೇ ಮಂಡಿ, ಪಾದ ಕೆಡುವುದನ್ನು ನಾನು ಜಾಸ್ತಿ ನೋಡಿರುವುದು.

ಚೌಕಟ್ಟಾ, ರಾಡಾ?

ಹೊರಗಿನ ಚೌಕಟ್ಟಿನಲ್ಲಿ ತಂತಿ, ಪಿನ್ನು ಚರ್ಮ ದಾಟಿ ಬಂದಿರುತ್ತವೆ. ಅವುಗಳ ಬುಡದಲ್ಲಿ ಕೆಂಪಾಗುವುದು, ಕೀವಾಗುವುದು ತುಂಬಾ ಸಾಮಾನ್ಯ. ಒಳಗೆ ರಾಡ್ ಹಾಕಿ ಅದರ ಮೇಲೆ ಚೌಕಟ್ಟಿನಿಂದ ಎಳೆಯುವ ವಿಧಾನವೂ ಇದೆ, ಚೌಕಟ್ಟು ಬೇಗ ಬಿಚ್ಚಬಹುದು. ಮೂರನೆಯದು ಅಯಸ್ಕಾಂತದ ರಾಡ್. ಪೂರ್ತಿ ಮೂಳೆಯ ಒಳಗಿರುತ್ತದೆ. ಹೊರಗಿನಿಂದ ಯಂತ್ರವನ್ನು ಕಾಲಿನ ಮೇಲಿಟ್ಟರೆ ಉದ್ದವಾಗುತ್ತದೆ, ಬೇಕಾದರೆ ಹಿಂದಕ್ಕೂ ಬರುತ್ತದೆ. ಪ್ರಿಸೈಸ್ ಅನ್ನುವುದು ಇದರಲ್ಲಿ ಹೆಸರಾದದ್ದು. ಕೀವಿನ ತೊಂದರೆ ಕಮ್ಮಿ. ಆದರೆ ಮೂಳೆ ಗಟ್ಟಿಯಾಗುವ ಮುಂಚೆಯೇ ಪೂರ್ತಿ ಭಾರ ಹಾಕಿದರೆ ರಾಡ್ ಬಾಗಬಹುದು, ಮುರಿಯಬಹುದು. ಪೂರ್ತಿ ಭಾರ ಹಾಕಿ ನಡೆಯಬಹುದು ಅಂತ ಬಂದ ಸ್ಟ್ರೈಡ್ ಎಂಬ ಸ್ಟೀಲ್ ರಾಡನ್ನು ತುಕ್ಕು ಮತ್ತು ಮೂಳೆ ಸವೆತದ ಕಾರಣಕ್ಕೆ 2021ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಹೊಸದು ಅಂದ ಕೂಡಲೇ ಒಳ್ಳೆಯದು ಅಂದುಕೊಳ್ಳಬೇಡಿ.

ಸರ್ಜನ್ ಹತ್ತಿರ ಕೇಳಬೇಕಾದ್ದು

ನೀವು ಇಂಥ ಎಷ್ಟು ಕಾಲು ಮಾಡಿದ್ದೀರಿ? ಮೂಳೆ ಕೂಡದಿದ್ದರೆ, ಓರೆಯಾದರೆ ಏನು ಮಾಡುತ್ತೀರಿ, ಆ ಖರ್ಚು ಯಾರದ್ದು? ಎರಡೂ ತೊಡೆಯನ್ನು ಒಂದೇ ದಿನ ಮಾಡುತ್ತೀರಾ? ಮೂಳೆಯೊಳಗೆ ಕೊರೆಯುವಾಗ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಅದನ್ನು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಏನು ಮಾಡುತ್ತೀರಿ? ಫಿಸಿಯೋ ಯಾರು, ವಾರಕ್ಕೆ ಎಷ್ಟು ದಿನ? ಎಳೆಯುವ ತಿಂಗಳುಗಳಲ್ಲಿ ಎಕ್ಸ್‌ರೇ ಎಷ್ಟು ದಿನಕ್ಕೊಮ್ಮೆ? ಆಪರೇಷನ್ ಮಾಡಿ ವಾರದಲ್ಲಿ ಊರಿಗೆ ಹೋಗಿ ಅನ್ನುವವರ ಹತ್ತಿರ ದಯವಿಟ್ಟು ಮಾಡಿಸಬೇಡಿ. ನಿಜವಾದ ಕೆಲಸ ಆಗ ತಾನೇ ಶುರುವಾಗಿರುತ್ತದೆ.

ಚೀನಾದಲ್ಲಿ ಬರೀ ಎತ್ತರಕ್ಕಾಗಿ ಈ ಆಪರೇಷನ್ ಮಾಡುವುದನ್ನು 2006ರಲ್ಲಿ ನಿಷೇಧಿಸಿದರು. ಅನುಭವ ಇಲ್ಲದವರು ಕೈಹಾಕಿ ಕಾಲು ಕೆಟ್ಟವರು ಜಾಸ್ತಿಯಾಗಿದ್ದರು.

ಒಪ್ಪುವ ಮುಂಚೆ ಮೂರು ತಿಂಗಳು

ಸಿಗರೇಟ್ ಪೂರ್ತಿ ಬಿಡಿ. ನಿಕೋಟಿನ್ ಇದ್ದರೆ ಮೂಳೆ ಕೂಡುವುದು ನಿಧಾನ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ದಿನಾ ಎರಡು ಹೊತ್ತು ಮೀನಖಂಡ, ತೊಡೆಯ ಹಿಂಭಾಗ, ಮುಂಭಾಗ, ಹೊರಬದಿ ಚಾಚಿಸಿ. ಹಿಮ್ಮಡಿ ನೆಲಕ್ಕೆ ಊರಿಕೊಂಡೇ ಕುಕ್ಕರಗಾಲಿನಲ್ಲಿ ಕೂರಲು ಬರುತ್ತಾ ನೋಡಿ. ಈಗಲೇ ಬಾರದಿದ್ದರೆ ಮೀನಖಂಡ ಬಿಗಿಯಿರಬಹುದು, ಅದನ್ನು ಮೊದಲು ಸರಿಮಾಡಬೇಕು. ಮೂರು ತಿಂಗಳು ಇದನ್ನು ಬಿಡದೆ ಮಾಡಲು ಆಗದಿದ್ದರೆ, ನೋವಿನ ನಡುವೆ ದಿನಕ್ಕೆ ಗಂಟೆಗಟ್ಟಲೆ ಮಾಡಲು ಆಗುವುದಿಲ್ಲ. ನಾನು ಹುಡುಗರಿಗೆ ಕೊಡುವ ನಿಜವಾದ ಪರೀಕ್ಷೆ ಇದೇ.

ಜೊತೆಗಿರುವವರು ಯಾರು ಅಂತಲೂ ಈಗಲೇ ಗೊತ್ತಾಗಲಿ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುವುದಕ್ಕೂ ಮೊದಲ ವಾರಗಳಲ್ಲಿ ಇನ್ನೊಬ್ಬರು ಬೇಕು. ಕೆಲಸಕ್ಕೆ ತಿಂಗಳುಗಟ್ಟಲೆ ರಜೆ ಬೇಕು.

ಎಳೆಯುವಾಗ ನಿಲ್ಲಿಸಬೇಕಾದ ಹೊತ್ತು

ದಿನಾ ಬೆಳಿಗ್ಗೆ ಎರಡೂ ಕಾಲಿನ ಹೆಬ್ಬೆರಳನ್ನು ಮೇಲೆತ್ತಿ. ನಿನ್ನೆಗಿಂತ ಬಲ ಕಮ್ಮಿ ಅನಿಸಿದರೆ, ಪಾದದ ಮೇಲ್ಭಾಗ ಜೋಮು ಹಿಡಿದರೆ, ಉರಿದರೆ, ನರ ಎಳೆತಕ್ಕೆ ಸಿಕ್ಕಿದೆ ಅಂತ ಅರ್ಥ. ಅವತ್ತಿನ ಸುತ್ತು ತಿರುಗಿಸುವ ಮುಂಚೆಯೇ ಸರ್ಜನ್‌ಗೆ ಫೋನ್ ಮಾಡಿ. ವೇಗ ಕಮ್ಮಿ ಮಾಡಿದರೆ ಅಥವಾ ಕೆಲವು ದಿನ ನಿಲ್ಲಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಮುಚ್ಚಿಟ್ಟುಕೊಂಡು ಮುಂದುವರಿದರೆ ಪಾದ ಜೋತುಬೀಳುವ ತನಕ ಹೋಗಬಹುದು. ಮಂಡಿ ನೆಟ್ಟಗಾಗದಿದ್ದರೆ, ಹಿಮ್ಮಡಿ ನೆಲ ಬಿಟ್ಟರೆ ಅದೇ ದಿನ ಫಿಸಿಯೋಗೆ ಹೇಳಿ. ಒಂದು ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಫೋನಿಗೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ನೋವಿನ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಕೆಲವು ಬಗೆಯವು ಹೊಸ ಮೂಳೆ ಹುಟ್ಟುವುದನ್ನು ತಡೆಯಬಹುದು.

ಎಲ್ಲಿ ನಿಲ್ಲಿಸುವುದು ಅನ್ನುವುದನ್ನು ಆಪರೇಷನ್‌ಗೆ ಮುಂಚೆಯೇ ಸರ್ಜನ್ ಜೊತೆ ಕೂತು ಬರೆದಿಡಿ: ಮಂಡಿ ಇಷ್ಟು ಮಡಚದಿದ್ದರೆ, ಪಾದ ಇಷ್ಟು ಏಳದಿದ್ದರೆ, 3 ಸೆಂ.ಮೀ. ಆಗಿದ್ದರೂ ಅಲ್ಲಿಗೇ ಸಾಕು ಅಂತ. ಆ ಕಾಗದದ ಒಂದು ಪ್ರತಿ ಫಿಸಿಯೋ ಹತ್ತಿರ, ಒಂದು ಪ್ರತಿ ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರ ಹತ್ತಿರ ಇರಲಿ.